ಕಲ್ಲು ಕೊಯ್ಯುವಾಗ ಹಿಡಿಯುವವರು

ಭಾವನಿಗೆ ಮೂತ್ರದ ಕಲ್ಲಿನ ಬೇನೆ ಬಂದ ವರ್ಷ ನಮ್ಮ ಕುಲುಮೆಯಲ್ಲಿ ಒಡೆಯದೆ ಉಳಿದದ್ದು ಕಬ್ಬಿಣ ಬಡಿಯುವ ಅಡಿಗಲ್ಲು ಒಂದೇ. ನೋವು ಏರಿದಾಗ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ಒಂದು ದಿನ ಚೊಂಬಿನಲ್ಲಿ ನೀರು ಕೊಡಲು ಹೋದ ನನ್ನ ಗಂಡನಿಗೆ ಅದೇ ಚೊಂಬಿನಿಂದ ಬಾರಿಸಿ ಹಣೆ ಒಡೆದರು. ನನ್ನ ಗಂಡ ಅವರ ಒಡಹುಟ್ಟಿದ ತಮ್ಮ. ರಕ್ತ ಒರೆಸಿಕೊಂಡು ಮತ್ತೆ ನೀರು ತುಂಬಿಸಿ ತಂದರು.

ವೈದ್ಯರು ದಪ್ಪ ಆಳು. ಅವರಿಗೂ ಕಾಲಿನ ಹೆಬ್ಬೆರಳಿಗೆ ವಾತರಕ್ತದ ಊತ. ಉಣ್ಣೆ ಬಟ್ಟೆ ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡೇ ರೋಗಿಗಳನ್ನು ನೋಡುವರು. ಯಾರ ಸೆರಗು ತಾಗಿದರೂ ಬಾಯಿಗೆ ಬಂದಂತೆ ಬೈಯುವರು.

"ಮಾಂಸ ಬಿಡು, ಹೆಂಡ ಬಿಡು. ಬಾರ್ಲಿ ನೀರು ಹೊಟ್ಟೆ ತುಂಬಾ ಕುಡಿ. ಮೆಟ್ಟಿಲಿಂದ ಧಡಧಡ ಹಾರಿ ಇಳಿ, ಕಲ್ಲು ಜಾರಿದ್ರೂ ಜಾರ್ಬಹುದು. ಸಿಟ್ಟು ಮಾಡ್ಕೋಬೇಡ. ನಿನ್ನ ಕಲ್ಲಿಗೂ ನನ್ನ ಬೆರಳಿಗೂ ಬೇರು ಒಂದೇ" ಎಂದರು.

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನೀವು ಬಿಟ್ಟಿದ್ರೆ ಬೆರಳು ಯಾಕೆ ಹಾಗೆ ಊದ್ಕೊಂಡಿದೆ?" ಎಂದರು ಭಾವ.

"ನಾನು ಬಿಡ್ಲಿಲ್ಲ. ಅದಕ್ಕೇ ಗೊತ್ತು."

ಭಾವ ಬಾರ್ಲಿ ಕುಡಿದರು, ಮೆಟ್ಟಿಲಿನಿಂದ ಹಾರಿದರು, ಮಂಡಿ ಒಡೆದುಕೊಂಡರು. ಸಿಟ್ಟೊಂದನ್ನು ಬಿಡಲಿಲ್ಲ. ಕಲ್ಲು ಜಾರಿತು, ಆದರೆ ಮೂತ್ರಕೋಶದ ಬಾಯಿಗೆ ಬಂದು ಕೂತುಬಿಟ್ಟಿತು. ಉಚ್ಚೆ ಕಟ್ಟಿ ಹೊಟ್ಟೆ ತಮಟೆಯಂತೆ ಬಿಗಿಯಿತು. ವೈದ್ಯರು ಒತ್ತಿ ನೋಡಿ ಅಕ್ಕನನ್ನು ಹೊರಗೆ ಕರೆದರು. ಅಕ್ಕ ಅಂದರೆ ಭಾವನ ಹೆಂಡತಿ, ನನ್ನ ಓರಗಿತ್ತಿ.

"ನಾಳೆ ಕೊಯ್ದು ತೆಗೀಬೇಕು. ಹೇಗೂ ನಾಲ್ಕು ಜನ ಬೇಕಮ್ಮ. ಹಿಡಿಯೋಕೆ, ಇಲ್ಲಾಂದ್ರೆ ಹೊರೋಕೆ."

"ಮನೇಲೇ ಇದ್ದಾರಲ್ಲ. ಮೈದುನ, ನನ್ನ ಅಣ್ಣಂದಿರು..."

"ಸುತ್ತಿಗೆ ಹಿಡಿದ ಬಲಗೈಗೆ ಮನೆಯವರು ಬೇಡ. ಹಿಂದೆ ಒಬ್ಬ ಅಪ್ಪ ಮಗನ್ನ ಹಿಡ್ಕೊಂಡಿದ್ದ. ಮಗ 'ಅಪ್ಪಾ' ಅಂದ, ಅಪ್ಪನ ಕೈ ಸಡಿಲಾಯ್ತು. ನನ್ನ ಚಾಕು ಹೋಗಬಾರದ ಕಡೆ ಹೋಯ್ತು. ನಿನ್ನ ಗಂಡನ ಮೇಲೆ ಚೂರೂ ಕರುಣೆ ಇಲ್ಲದೋನು ಬೇಕು ನನಗೆ."

ಅಂಥವನು ಯಾರೆಂದು ಬೀದಿಗೆಲ್ಲ ಗೊತ್ತಿತ್ತು. ಕುದುರೆಗಳಿಗೆ ಲಾಳ ಕಟ್ಟುವವನು, ಜನ ಸುಟ್ಟಗೆನ್ನೆ ಎಂದು ಕರೆಯುವವನು. ಮೊದಲು ಭಾವನ ಜೊತೆ ಪಾಲಿನಲ್ಲಿ ಕೆಲಸ ಮಾಡುತ್ತಿದ್ದವನು. ಮಾತಿಗೆ ಮಾತು ಬೆಳೆದು ಭಾವ ಕೆಂಡದಿಂದ ತೆಗೆದ ಇಕ್ಕಳವನ್ನು ಅವನ ಮುಖಕ್ಕೆ ಒತ್ತಿದ್ದರು. ಕಿವಿಯಿಂದ ದವಡೆಯವರೆಗೆ ಚರ್ಮ ಬೆಂದು ಸುರುಟಿತ್ತು. ಆಮೇಲೆ ಇಬ್ಬರದೂ ಹಾವು ಮುಂಗುಸಿ ಬಾಳು.

ಅಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ಅವನ ಕೊಟ್ಟಿಗೆಗೆ ಹೋದಳು. ಒದೆಯುತ್ತಿದ್ದ ಕುದುರೆಯ ಕಾಲನ್ನು ತೊಡೆಗಳ ನಡುವೆ ಇರುಕಿಸಿಕೊಂಡು ಮೊಳೆ ಹೊಡೆಯುತ್ತಿದ್ದವನು ಅಕ್ಕ ಬಂದ ವಿಷಯ ಹೇಳಿದರೂ ತಲೆ ಎತ್ತಲಿಲ್ಲ.

"ಕರೆದಿದ್ದು ಆ ಮಹಾರಾಯನಾ?"

"ಇಲ್ಲ. ನಾನು ಕರೀತಿದೀನಿ."

"ಯೋಚನೆ ಮಾಡಮ್ಮ. ನಾನು ಹಿಡಿದ್ರೆ ಬಿಡೋನಲ್ಲ."

"ಅದಕ್ಕೇ ಬಂದಿರೋದು."

ಮರುದಿನ ಬೆಳಿಗ್ಗೆ ಕುಲುಮೆಯ ದೊಡ್ಡ ಮೇಜಿನ ಮೇಲೆ ಭಾವನನ್ನು ಅಂಗಾತ ಮಲಗಿಸಿ, ಮಂಡಿ ಮಡಿಸಿ ಎದೆಗೆ ಒತ್ತಿದರು. ನನ್ನ ಗಂಡ ಎಡಗಾಲನ್ನು, ಅಕ್ಕನ ಅಣ್ಣಂದಿರು ಬಲಗಾಲನ್ನೂ ಎಡಗೈಯನ್ನೂ ಹಿಡಿದರು. ಸುಟ್ಟಗೆನ್ನೆ ಒಳಗೆ ಬಂದದ್ದೇ ತಡ, ಭಾವ ಎದ್ದು ಕೂರಲು ಒದ್ದಾಡಿದರು.

"ಈ ಬೋಳಿಮಗ ಯಾಕೆ ಬಂದ? ನನ್ನ ಸಾವು ನೋಡೋಕಾ?"

"ಹೂಂ ಕಣೋ. ಹತ್ತಿರದಿಂದ ನೋಡೋಣ ಅಂತ" ಎಂದು ಅವನು ಆ ಬಲಗೈಯನ್ನು ಹಿಡಿದ.

ಬಾಯಿಗೆ ಚರ್ಮದ ಪಟ್ಟಿ ಕೊಟ್ಟರು. ವೈದ್ಯರು ತಮ್ಮ ನೋವಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತು ಕೊಯ್ದರು. ಭಾವ ಪಟ್ಟಿಯನ್ನು ಉಗಿದು ಕೂಗಿದ ಕೂಗಿಗೆ ಹೊರಗೆ ಕಟ್ಟಿದ್ದ ಕುದುರೆ ಹಗ್ಗ ಕಿತ್ತಿತು. ರಕ್ತ ಮೇಜಿನಿಂದ ನನ್ನ ಪಾದದ ಮೇಲೆ ಬಿಸಿಯಾಗಿ ಸುರಿಯಿತು. ನಾನು ಬಟ್ಟೆ ಹಿಂಡಿ ಹಿಂಡಿ ಕೊಡುತ್ತಿದ್ದೆ. ವೈದ್ಯರ ಬೆರಳು ಒಳಗೆ ಕಲ್ಲನ್ನು ಹುಡುಕುತ್ತಿತ್ತು.

"ತಮ್ಮಾ, ಸಾಯಿಸ್ತಾರೆ ಕಣೋ ನನ್ನ! ಬಿಡ್ಸೋ!"

ನನ್ನ ಗಂಡ ಅಳುತ್ತ ಎಡಗಾಲು ಬಿಟ್ಟುಬಿಟ್ಟರು. ಆ ಕಾಲು ಬಂದು ವೈದ್ಯರ ಎದೆಗೆ ಬಡಿಯಿತು. ಚಾಕು ಅಲುಗಿತು. ಸುಟ್ಟಗೆನ್ನೆ ಕೈ ಬಿಡದೆಯೇ ಭಾವನ ಮೇಲೆ ಅಡ್ಡ ಬಿದ್ದು, ಆ ಕಾಲನ್ನು ತನ್ನ ಮೈಭಾರದಿಂದ ಅದುಮಿದ. ಭಾವ ಅವನ ಭುಜವನ್ನು ಕಚ್ಚಿದರು. ಅಂಗಿಯ ಜೊತೆ ಮಾಂಸವೂ ಹಲ್ಲಿಗೆ ಬಂತು. ಆಗ ಒಣಕಟ್ಟಿಗೆ ಮುರಿದಂತೆ ಸದ್ದಾಯಿತು. ಭಾವನ ಬಲಗೈ ಮೊಣಕೈಯಲ್ಲಿ ತಿರುಗಬಾರದ ಕಡೆಗೆ ತಿರುಗಿತ್ತು.

"ಬಿಡಬೇಡ!" ಎಂದು ವೈದ್ಯರು ಅರಚಿದರು.

ಅವನು ಬಿಡಲಿಲ್ಲ. ಚಿಮಟ ಒಳಗೆ ಹೋಗಿ ಕಲ್ಲನ್ನು ಕಚ್ಚಿ ಹೊರಗೆ ಎಳೆಯಿತು. ಪಾರಿವಾಳದ ಮೊಟ್ಟೆಯಷ್ಟು ದಪ್ಪ, ಮೈತುಂಬ ಮುಳ್ಳು.

ಭಾವ ಬದುಕಿದರು. ಗಾಯ ಕೀವು ಕಟ್ಟಿ, ಒಡೆದು, ಕೊನೆಗೆ ಕೂಡಿಕೊಂಡಿತು. ಮೊಣಕೈ ಮಾತ್ರ ಕೂಡಲಿಲ್ಲ. ಆ ಕೈಗೆ ತುತ್ತು ಎತ್ತಲೂ ಆಗಲಿಲ್ಲ. ಕುಲುಮೆ ನನ್ನ ಗಂಡನ ಪಾಲಿಗೆ ಬಂತು. "ಕೈ ಹೋದ್ರೆ ಹೋಯ್ತು, ಗಂಡ ಇದ್ದಾರಲ್ಲ" ಎಂದು ಅಕ್ಕ ಅನ್ನುತ್ತಿದ್ದಳು.

ನಡೆಯುವಷ್ಟು ಶಕ್ತಿ ಬಂದ ದಿನ ಅವರು ನೇರವಾಗಿ ಲಾಳದವನ ಕೊಟ್ಟಿಗೆಗೆ ಹೋದರು. ಏನು ಅನಾಹುತ ಮಾಡುವರೋ ಎಂದು ಅಕ್ಕನೂ ನಾನೂ ಹಿಂದೆ ಓಡಿದೆವು.

"ಬೇಕಂತಲೇ ಮುರಿದ್ಯಾ?" ಎಂದರು.

ಅವನು ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟ. "ಸುಳ್ಳು ಹೇಳಲ್ಲ. ಮುರಿಯೋ ಸದ್ದು ನನಗೂ ಕೇಳಿಸ್ತು. ಬಿಡ್ಬೇಡ ಅಂದ್ರು, ಬಿಡ್ಲಿಲ್ಲ. ಒಳಗೆ ಖುಷಿ ಆಯ್ತಾ ಅಂತ ಕೇಳಿದ್ರೆ, ಆಯ್ತು. ನೀನು ಸಾಯ್ಲಿಲ್ಲ ಅಂತ ಗೊತ್ತಾದಾಗ್ಲೂ ಆಯ್ತು. ಯಾವುದು ಜಾಸ್ತಿ ಅಂತ ಕೇಳ್ಬೇಡ."

ಭಾವ ಎಡಗೈಯಿಂದ ಅವನ ಬಾಯಿಗೆ ಗುದ್ದಿದರು. ತುಟಿ ಸೀಳಿತು. ಅವನು ತಿರುಗಿ ಹೊಡೆಯಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ರಕ್ತ ಉಗಿದು, "ಎಡಗೈ ಇನ್ನೂ ಎಳೇದು. ಪಳಗಿಸ್ಬೇಕು" ಎಂದ.

ಭಾವ ಇನ್ನೊಮ್ಮೆ ಗುದ್ದಿದರು. ಈ ಸಲ ಅವನು ತೂರಾಡಿ ಕಂಬ ಹಿಡಿದುಕೊಂಡ. ಅಕ್ಕ ಬಾಗಿಲಲ್ಲೇ ನಿಂತಳು. ಬಿಡಿಸಲು ಹೋದ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. "ಇರು, ಆ ಕೈ ಪಳಗ್ಲಿ" ಎಂದಳು.