ಶೀಲ್ಡಿನ ಹಿಂದಿನ ಮುಖ

ತುಂಬಿ ಹರಿಯುವ ಹೊಳೆಯ ಮೇಲೆ ಹಗ್ಗಕ್ಕೆ ಜೋತುಬಿದ್ದು, ಎಲ್ಲರೂ ಕೈಚೆಲ್ಲಿದ್ದ ಸೇತುವೆಗೆ ಕೊನೆಯ ಬೆಸುಗೆ ಹಾಕಿದವನು ತಾನೇ ಎಂದು ಹಿರಿಯ ವೆಲ್ಡರ್, ಶಟರ್ ಎಳೆದ ಅಂಗಡಿಯಲ್ಲಿ ಕೂತು, ಫೋನಿನ ಪರದೆಯಲ್ಲಿದ್ದ ಕಿರಿಯ ಡಾಕ್ಟರಿಗೆ ಹೇಳುತ್ತಲೇ ಇದ್ದ. ಕರೆ ಮಾಡಿದ ಕಾರಣ ಮಾತ್ರ ಇನ್ನೂ ಹೇಳಿರಲಿಲ್ಲ. ನಾಚಿಕೆಗೆ ಮುಖದ ಮೇಲೆ ವೆಲ್ಡಿಂಗ್ ಶೀಲ್ಡ್ ಬೇರೆ ಇಳಿಬಿಟ್ಟುಕೊಂಡಿದ್ದ.

“ಯಜಮಾನ್ರೇ, ನನ್ನ ಕಡೆಯಿಂದ ಕಿಡಿ ಹಾರೋಲ್ಲ. ಧೈರ್ಯವಾಗಿ ಹೇಳಿ,” ಎಂದು ಡಾಕ್ಟರ್ ನಕ್ಕ.

“ಹಾಸಿಗೇಲಿ ನನ್ನ ಕೈಲಾಗ್ತಿಲ್ಲ ಡಾಕ್ಟ್ರೇ, ನಿಮಿರೋದೇ ಇಲ್ಲ. ಅವಳ ಮೇಲೆ ನನಗೆ ಮನಸ್ಸಿಲ್ಲ ಅಂದ್ಕೊಂಡು ಹೆಂಡತಿ ಮಾತೇ ಬಿಟ್ಟಿದ್ದಾಳೆ.”

“ಸಕ್ಕರೆ ಕಾಯಿಲೆ, ಬಿಪಿಯಿಂದಲೂ ಹೀಗಾಗುತ್ತೆ. ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟ್ ನೋಡಿ ಮಾತ್ರೆ ಕೊಡ್ತೀನಿ. ಅಮ್ಮಾವ್ರಿಗೆ ಇವತ್ತೇ ಹೇಳಿಬಿಡಿ.”

ವೆಲ್ಡರ್ ಶೀಲ್ಡ್ ಮೇಲೆತ್ತಿದ. ಬೆವೆತ ಮುಖ ಹಗುರವಾಗಿತ್ತು.

“ಈಗ ಆ ಸೇತುವೆ ಕತೆ ಇನ್ನೊಂದ್ಸಲ ಹೇಳಿ ಯಜಮಾನ್ರೇ. ಆಗ ನಿಮ್ಮ ಮುಖಾನೇ ಕಾಣ್ಲಿಲ್ಲ.”