ಹೊತ್ತು ಮುಳುಗಿದ ಮೇಲೆ ಹಾಕುವ ರೇಡಿಯೋ

ಷಡಕ್ಷರಿ ತನ್ನ ಭಾಷಣವನ್ನು ಏಳು ಸಲ ಬರೆದಿದ್ದ. ಏಳನೆಯದು ನಾಲ್ಕು ಹಾಳೆ ಆಗಿತ್ತು. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊಸ್ತಿಲು ದಾಟಿದವನು ವಾಪಸು ಬಂದು ಬಿಚ್ಚಿ ನೋಡಿದ. ನಾಲ್ಕೂ ಇದ್ದವು. ಹೆಂಡತಿ ಬಸವಲಿಂಗಮ್ಮ ರಾಗಿ ಕೇರುತ್ತಿದ್ದ ಮೊರದಿಂದ ತಲೆ ಎತ್ತದೆ, "ಪಾರ್ಕಿಗೆ ಹೋಗೋಷ್ಟರಲ್ಲಿ ಅವೇನು ಮರಿ ಹಾಕಲ್ಲ, ಹೊರಡಿ" ಎಂದಳು.

ಅವತ್ತು ಸಾಯಂಕಾಲ ಚನ್ನರಾಯಪಟ್ಟಣದ ಪುರಸಭೆ ಪಾರ್ಕಿನ ರೇಡಿಯೋ ಮನೆಯಲ್ಲಿ ಅನಂತರಾಜಯ್ಯನವರ ಫೋಟೋ ತೂಗುಹಾಕುವುದಿತ್ತು. ರೇಡಿಯೋ ಮನೆ ಎಂದರೆ ಪಾರ್ಕಿನ ನಡುವೆ ಇರುವ ಒಂದೇ ಕೋಣೆ. ಒಳಗೆ ಒಂದು ದೊಡ್ಡ ವಾಲ್ವು ಸೆಟ್ಟು, ಒಂದು ಮೈಕು. ಹೊರಗೆ ಕಂಬದ ಮೇಲೆ ನಾಲ್ಕು ದಿಕ್ಕಿಗೆ ಬಾಯಿ ತೆರೆದ ನಾಲ್ಕು ಲೌಡ್‌ಸ್ಪೀಕರು. ಮನೆಮನೆಗೆ ರೇಡಿಯೋ ಇಲ್ಲದ ಕಾಲದಿಂದ ಊರು ವಾರ್ತೆ ಕೇಳಿದ್ದು, ಹಾಡು ಕೇಳಿದ್ದು, ಯಾರ ಎಮ್ಮೆ ಎಲ್ಲಿ ತಪ್ಪಿಸಿಕೊಂಡಿದೆ ಎಂದು ತಿಳಿದದ್ದು ಎಲ್ಲ ಆ ಕಂಬದಿಂದ. ಅನಂತರಾಜಯ್ಯ ಅದನ್ನು ಹದಿನಾರು ವರ್ಷ ನೋಡಿಕೊಂಡು, ಅರವತ್ತೊಂದನೇ ಇಸವಿಯಲ್ಲಿ ಷಡಕ್ಷರಿಯ ಕೈಗೆ ಬೀಗದ ಕೈ ಕೊಟ್ಟು, ಐದು ವರ್ಷ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಶಿಷ್ಯನ ಧ್ವನಿ ಕೇಳಿ, ಈ ಸಂಕ್ರಾಂತಿ ಕಳೆದ ಮೇಲೆ ತೀರಿಕೊಂಡಿದ್ದರು.

ಈಗ ಷಡಕ್ಷರಿ ಅವರ ಬಗ್ಗೆ ಐದು ನಿಮಿಷ ಮಾತಾಡಬೇಕು. ಮೈಕು ಅವನಿಗೆ ಹೊಸದಲ್ಲ. ಆದರೆ ಇಷ್ಟು ವರ್ಷ ಅವನು ಓದಿದ್ದೆಲ್ಲ ಬೇರೆಯವರು ಬರೆದ ಚೀಟಿ. ಸ್ವಂತ ಮಾತು ಒಂದನ್ನೂ ಆಡಿರಲಿಲ್ಲ. ಆಡಿ ತಪ್ಪಾದರೆ ನಾಲ್ಕು ದಿಕ್ಕಿಗೂ ತಪ್ಪೇ ಕೇಳಿಸುತ್ತದೆ. ಅದೂ ತನಗೆ ಕೆಲಸ ಕಲಿಸಿದ ಮೇಷ್ಟ್ರ ಹೆಸರಿನಲ್ಲಿ.

ಪಾರ್ಕಿನ ಬಾಗಿಲಲ್ಲಿ ಚಿಕ್ಕಲಕ್ಷ್ಮಮ್ಮ ಕಡಲೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವಳಿಗೆ ಓದು ಬರಹ ಇಲ್ಲ. ರೇಡಿಯೋ ಮನೆಗೆ ಅವಳಿಗಿಂತ ದೊಡ್ಡ ಪರೀಕ್ಷಕರೂ ಇರಲಿಲ್ಲ.

ಅದು ಅನಂತರಾಜಯ್ಯನವರು ಇಟ್ಟ ಪದ್ಧತಿ. ಯಾವ ಚೀಟಿ ಬಂದರೂ ಅವರು ಮೊದಲು ಅದನ್ನು ಚಿಕ್ಕಲಕ್ಷ್ಮಮ್ಮನ ಮುಂದೆ ಓದುತ್ತಿದ್ದರು. ಅವಳು ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದರೆ ಚೀಟಿ ಮೈಕಿಗೆ ಹೋಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಒಂದು ಸಲ ಪುರಸಭೆಯಿಂದ, "ಜಲಸಂಗ್ರಹಾಗಾರದ ಶುದ್ಧೀಕರಣದ ನಿಮಿತ್ತ ನೀರು ಸರಬರಾಜನ್ನು ಸ್ಥಗಿತಗೊಳಿಸಲಾಗುವುದೆಂದು ಸಾರ್ವಜನಿಕರಿಗೆ ತಿಳಿಯಪಡಿಸಲಾಗಿದೆ" ಎಂದು ಬಂದಿತ್ತು. ಚಿಕ್ಕಲಕ್ಷ್ಮಮ್ಮ ಕೇಳಿ, "ಯಾರೋ ಸತ್ತೋಗವ್ರೆ ಅನ್ನಂಗದೆ. ಯಾರು ಸಾ?" ಎಂದಿದ್ದಳು. ಅನಂತರಾಜಯ್ಯ ಅಲ್ಲೇ ಬೆಂಚಿನ ಮೇಲೆ ಕೂತು, "ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಇವತ್ತೇ ತುಂಬಿಟ್ಟುಕೊಳ್ಳಿ" ಎಂದು ತಿದ್ದಿ ಬರೆದರು.

ಷಡಕ್ಷರಿ ಮೇಷ್ಟ್ರ ಕಣ್ಣಿಗೆ ಬಿದ್ದದ್ದೂ ಆ ಬುಟ್ಟಿಯ ಹತ್ತಿರವೇ. ಆಗ ಅವನು ಹಗಲು ಕೊಬ್ಬರಿ ಮಂಡಿಯಲ್ಲಿ ಗೋಣಿಚೀಲ ಹೊಲಿಯುತ್ತಿದ್ದ, ಸಾಯಂಕಾಲ ಮಿಡ್ಲ್ ಸ್ಕೂಲಿನಲ್ಲಿ ದೊಡ್ಡವರಿಗೆಂದು ನಡೆಯುತ್ತಿದ್ದ ಕ್ಲಾಸಿಗೆ ಹೋಗುತ್ತಿದ್ದ. ಒಂದು ದಿನ ಕಡಲೆಕಾಯಿ ಕಟ್ಟಿಕೊಟ್ಟ ಹಳೇ ಪತ್ರಿಕೆಯ ತುಂಡನ್ನು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಚಿಕ್ಕಲಕ್ಷ್ಮಮ್ಮನಿಗೆ ಓದಿ ಹೇಳುತ್ತಿದ್ದ. ಒಂದು ಪದ ತಪ್ಪಿತೆಂದು ಮತ್ತೆ ಮೊದಲಿನಿಂದ ಓದಿದ. ಹಿಂದೆ ನಿಂತು ಕೇಳಿದ ಅನಂತರಾಜಯ್ಯ, "ಕಡಲೆಕಾಯಿ ಪೊಟ್ಟಣವನ್ನ ಇಷ್ಟು ಜವಾಬ್ದಾರಿಯಾಗಿ ಓದೋನನ್ನ ನಾನು ಇದುವರೆಗೂ ನೋಡಿಲ್ಲ ಕಣಯ್ಯ. ನಾಳೆಯಿಂದ ರೇಡಿಯೋ ಮನೆಗೆ ಬಾ" ಎಂದರು.

ಇವತ್ತು ಅದೇ ಬುಟ್ಟಿಯ ಮುಂದೆ ಷಡಕ್ಷರಿ ನಾಲ್ಕು ಹಾಳೆಯನ್ನೂ ಓದಿದ. ಬೆವರು ಒರೆಸಿಕೊಂಡು, "ಏನು ಹೇಳಿದೆ ನಾನು? ಹೇಳಿ ಅಕ್ಕ" ಎಂದ.

ಚಿಕ್ಕಲಕ್ಷ್ಮಮ್ಮ ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡಳು. "ಯಾರೋ ಭಾರಿ ದೊಡ್ಡ ಮನ್ಸ ಇದ್ರು ಅಂದೆ. ಯಾರಪ್ಪ ಅವ್ರು?"

"ನಮ್ಮ ಮೇಷ್ಟ್ರು ಅಲ್ವಾ ಅಕ್ಕ."

"ಅನಂತ್ರಾಜಯ್ನೋರಾ?" ಅವಳು ನಕ್ಕಳು. "ನಾನೆಲ್ಲೋ ಡೆಲ್ಲಿ ಕಡೆಯೋರು ಅನ್ಕಂಡೆ ಕಣ್ಲಾ. ಜ್ಞಾನಜ್ಯೋತಿ ಅಂತೀಯ, ಧೀಮಂತ ಅಂತೀಯ. ನಂಗೊತ್ತಿರೋ ಅನಂತ್ರಾಜಯ್ನೋರು ಅದ್ರೊಳಗೆಲ್ಲೂ ಇಲ್ವಲ್ಲ."

ಮತ್ತೆ ಬರೆಯಲು ಹೊತ್ತಿಲ್ಲ. ಆರು ಗಂಟೆಗೆ ಕಾರ್ಯಕ್ರಮವೆಂದು ಪುರಸಭೆಯ ಕಾಗದದಲ್ಲಿ ಟೈಪಾಗಿತ್ತು. ಆಗಲೇ ಬೆಂಚುಗಳ ಮೇಲೆ ಐವತ್ತು ಅರವತ್ತು ಜನ ಸೇರಿದ್ದರು. ಮುಂದಿನ ಸಾಲಿನಲ್ಲಿ ಮೇಷ್ಟ್ರ ಹೆಂಡತಿ ಅನಂತಮ್ಮ ಸೆರಗು ಹೊದ್ದು ಕೂತಿದ್ದರು. ಆರೂ ಹತ್ತಕ್ಕೆ ಪುರಸಭೆ ಅಧ್ಯಕ್ಷರಾದ ಗುಂಡಯ್ಯನವರು ಜರಿ ಶಲ್ಯ ಹೊದ್ದು ಬಂದರು. ಬರುತ್ತಲೇ, "ನಾನು ಎಂಟರೊಳಗೆ ಹಾಸನದಲ್ಲಿ ಇರಬೇಕು. ಬೇಗ ಮೈಕ್ ಹಾಕಯ್ಯ" ಎಂದರು.

ಷಡಕ್ಷರಿ ಓಡಿಹೋಗಿ ರೇಡಿಯೋ ಮನೆಯ ಬೀಗ ತೆಗೆದ. ಸ್ವಿಚ್ಚಿನ ಮೇಲೆ ಬೆರಳಿಟ್ಟ. ಎದುರಿನ ಕಿಟಕಿಯಲ್ಲಿ ಕೆರೆ ಏರಿ ಕಾಣುತ್ತಿತ್ತು. ವೈಶಾಖದ ಬಿಸಿಲು. ಏರಿಯ ಮೇಲೆ ಸೂರ್ಯ ಇನ್ನೂ ಒಂದು ಮಾರು ಎತ್ತರದಲ್ಲಿದ್ದ.

ಅವನ ಬೆರಳು ಅಲ್ಲೇ ನಿಂತುಬಿಟ್ಟಿತು. ಭಾಷಣದ ಚಿಂತೆಯಲ್ಲಿ ಹೊತ್ತಿನ ವಿಷಯವನ್ನೇ ಮರೆತಿದ್ದ.

ಹದಿಮೂರು ವರ್ಷದ ಹಿಂದಿನ ಮಾತು. ಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ. ಊರಿನ ಜೈನರ ಬೀದಿಗೆ ಬೀದಿಯೇ ಗಾಡಿ ಕಟ್ಟಿಕೊಂಡು ಹೊರಟಿತ್ತು. ಅನಂತರಾಜಯ್ಯನವರೂ ಎರಡು ದಿನಕ್ಕೆಂದು ಹೊರಟರು. ಆಗ ಷಡಕ್ಷರಿ ಹೊಸಬ, ಒಬ್ಬನೇ ಎಂದೂ ಸೆಟ್ಟು ಮುಟ್ಟಿರಲಿಲ್ಲ. "ಎಷ್ಟು ಗಂಟೆಗೆ ಹಾಕಲಿ ಸಾ?" ಎಂದು ಕೇಳಿದ್ದಕ್ಕೆ, "ದಿನಾ ಹಾಕೋ ಹೊತ್ತಿಗೆ ಹಾಕು" ಎಂದಿದ್ದರು. ದಿನಾ ಹಾಕುವ ಹೊತ್ತು ಯಾವುದೆಂದು ಷಡಕ್ಷರಿ ಗಡಿಯಾರದಲ್ಲಿ ನೋಡಿರಲೇ ಇಲ್ಲ. ಮೇಷ್ಟ್ರು ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತಾ ಬಂದು ಹಾಕುತ್ತಿದ್ದರು, ಅಷ್ಟೆ. ತಡವಾದರೆ ಊರೆಲ್ಲ ಬೈಯುತ್ತದೆ, ವಾಲ್ವು ಕಾಯದೆ ಕೈಕೊಟ್ಟರೆ ಇನ್ನೂ ತಡವಾಗುತ್ತದೆ ಎಂದು ಯೋಚಿಸಿ ಯೋಚಿಸಿ, ಅವನು ಎರಡು ದಿನವೂ ಅರ್ಧ ಗಂಟೆ ಮೊದಲೇ ಹಾಕಿಬಿಟ್ಟ. ಎರಡು ದಿನವೂ ಸೆಟ್ಟು ಚೆನ್ನಾಗಿ ಹಾಡಿತು. ಮೇಷ್ಟ್ರು ಬಂದು ಶಹಭಾಸ್ ಅನ್ನುತ್ತಾರೆಂದು ಕಾದಿದ್ದ.

ಜೈನರ ಬೀದಿಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಅನಂತರಾಜಯ್ಯನವರೂ ಹಾಗೇ. ಬೆಳಕಿರುವಾಗಲೇ ಊಟ ಮುಗಿಸಿ, ಹೊತ್ತು ಮುಳುಗಿದ್ದನ್ನು ನೋಡಿಕೊಂಡೇ ರೇಡಿಯೋ ಹಾಕುತ್ತಿದ್ದರು. ಹಾಗಾಗಿ ವರ್ಷಗಳ ಮೇಲೆ ಬೀದಿಯವರಿಗೆ ಒಂದು ರೂಢಿಯಾಗಿತ್ತು. ಕಂಬ ಮಾತಾಡಿತೆಂದರೆ ಹೊತ್ತು ಮುಳುಗಿತು, ಎಲೆ ಬಿಟ್ಟು ಏಳಬೇಕು. ಇದು ಷಡಕ್ಷರಿಗೆ ಗೊತ್ತಿರಲಿಲ್ಲ. ಬೀದಿಯ ಕೊನೆ ಮನೆಯ ಮರುದೇವಮ್ಮನಿಗೆ ಅವನ ಗಡಿಬಿಡಿ ಗೊತ್ತಿರಲಿಲ್ಲ. ಆಕೆಗೆ ಅರವತ್ತು ದಾಟಿತ್ತು, ಎರಡೂ ಕಣ್ಣಿಗೆ ಪೊರೆ. ಮನೆಯವರೆಲ್ಲ ಬೆಳಗೊಳಕ್ಕೆ ಹೋಗಿದ್ದರು. ಒಪ್ಪೊತ್ತಿನ ವ್ರತ ಹಿಡಿದು, ಸಾಯಂಕಾಲ ಒಂದೇ ಸಲ, ತಾನೇ ಬೇಯಿಸಿಕೊಂಡು ಉಣ್ಣುತ್ತಿದ್ದ ಹೆಂಗಸು. ಮೊದಲ ದಿನ ಅನ್ನ ಬಡಿಸಿಕೊಂಡಾಗ ರೇಡಿಯೋ ಬಂತು, ಎದ್ದರು. ಮಾರನೆಯ ದಿನವೂ ಹಾಗೇ ಆಯಿತು, ಎದ್ದರು. ನೀರೂ ಕುಡಿಯಲಿಲ್ಲ.

ಮೂರನೆಯ ದಿನ ಅನಂತರಾಜಯ್ಯ ಹಿಂದಿರುಗಿದಾಗ, ಜಗಲಿಯಲ್ಲಿ ಕೂತಿದ್ದ ಮರುದೇವಮ್ಮ ಕೇಳಿದ್ದು ಇಷ್ಟೇ: "ಬೆಳಗೊಳದಲ್ಲೂ ಈಗ ಹೊತ್ತು ಇಷ್ಟು ಬೇಗ ಮುಳುಗುತ್ತೇನಪ್ಪ?"

ಅನಂತರಾಜಯ್ಯನವರಿಗೆ ಆಮೇಲೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅವರು ಷಡಕ್ಷರಿಯನ್ನು ಕರೆದುಕೊಂಡು ಹೋಗಿ ಮರುದೇವಮ್ಮನ ಜಗಲಿಯ ಮೇಲೆ ಕೂರಿಸಿದರು. "ನೀನು ಸೂರ್ಯನ್ನ ನೋಡ್ತಾ ಇರು. ಎಷ್ಟು ಹೊತ್ತಿದೆ ಅಂತ ಅವ್ವನಿಗೆ ಹೇಳ್ತಾ ಇರು" ಎಂದರು. ಷಡಕ್ಷರಿ ನೋಡುತ್ತಾ ಕೂತ. ಒಳಗಿಂದ ಪಾತ್ರೆಯ ಸದ್ದು ಬಂದಾಗಲೆಲ್ಲ, "ಇನ್ನೂ ಹೊತ್ತಿದೆ ಅವ್ವ, ನಿಧಾನವಾಗಿ ಊಟ ಮಾಡಿ" ಎಂದು ಹೇಳಿದ. ಅವನ ಕಣ್ಣಲ್ಲಿ ನೀರಿತ್ತು. ಸೂರ್ಯನನ್ನು ನೋಡಿದ್ದಕ್ಕೋ ಬೇರೆ ಕಾರಣಕ್ಕೋ, ಅವನಿಗೇ ತಿಳಿಯಲಿಲ್ಲ.

ಉಂಡು ಕೈತೊಳೆದು ಹೊರಗೆ ಬಂದ ಮರುದೇವಮ್ಮ, "ಅಳಬೇಡ ಕಣಪ್ಪ. ಲೆಕ್ಕಕ್ಕಿಂತ ಎರಡು ಉಪವಾಸ ಜಾಸ್ತಿ ಆಯ್ತು. ಆ ಪುಣ್ಯದಲ್ಲಿ ಅರ್ಧ ನಿಂದು" ಎಂದಿದ್ದರು.

ವಾಪಸು ಬರುವಾಗ ಅನಂತರಾಜಯ್ಯ ಸೈಕಲ್ಲನ್ನು ತಳ್ಳಿಕೊಂಡು ಅವನ ಜೊತೆ ನಡೆದರು. ಪಾರ್ಕಿನ ಹತ್ತಿರ ಬಂದ ಮೇಲೆ ಒಂದೇ ಮಾತು ಹೇಳಿದರು. "ನಾವು ಸ್ವಿಚ್ ಹಾಕೋವಾಗ ಕೇಳೋರು ಏನು ಮಾಡ್ತಾ ಇರ್ತಾರೆ ಅನ್ನೋದು ನಮಗೆ ಗೊತ್ತಿರಬೇಕು ಕಣಯ್ಯ. ನನಗೆ ಗೊತ್ತಿತ್ತು, ನಿನಗೆ ಹೇಳಿರಲಿಲ್ಲ. ತಪ್ಪು ನಂದೇ."

ಆ ಮರುದೇವಮ್ಮ ಇನ್ನೂ ಇದ್ದರು. ಈಗ ಎಪ್ಪತ್ತೈದರ ಮೇಲೆ. ಮನೆಮನೆಗೆ ಗಡಿಯಾರ ಬಂದಿತ್ತು, ಕೆಲವರ ಮನೆಗೆ ಟ್ರಾನ್ಸಿಸ್ಟರೂ ಬಂದಿತ್ತು. ಆದರೆ ಆಕೆ ಇವತ್ತಿಗೂ ಕಂಬದ ಮಾತಿಗೇ ಎಲೆ ಬಿಟ್ಟು ಏಳುವವರು. ಈ ಹೊತ್ತಿನಲ್ಲಿ ಅನ್ನ ಬಡಿಸಿಕೊಂಡಿರುತ್ತಾರೆ.

"ಏನಯ್ಯಾ, ಸೆಟ್ಟು ಕೆಟ್ಟಿದೆಯಾ?" ಗುಂಡಯ್ಯನವರು ಬಾಗಿಲಿಗೇ ಬಂದರು.

ವಾಲ್ವು ಕಾಯುತ್ತಾ ಇದೆ ಎಂದುಬಿಡಬಹುದಿತ್ತು. ಷಡಕ್ಷರಿಯ ನಾಲಿಗೆಯ ತುದಿಗೆ ಅದೇ ಬಂದಿತ್ತು. ಅಧ್ಯಕ್ಷರಿಗೆ ಎದುರು ಹೇಳುವುದಿರಲಿ, ಅವರ ಕಣ್ಣೆದುರು ಅವನು ಎಂದೂ ನೆಟ್ಟಗೆ ನಿಂತವನಲ್ಲ. ಗೋಡೆಯ ಪಕ್ಕದಲ್ಲಿ ಒರಗಿಸಿಟ್ಟ ಫೋಟೋದಲ್ಲಿ ಮೇಷ್ಟ್ರು ಟೋಪಿ ಹಾಕಿಕೊಂಡು, ಸ್ವಲ್ಪ ತಲೆ ವಾರೆ ಮಾಡಿ, ಚಿಕ್ಕಲಕ್ಷ್ಮಮ್ಮ ಏನು ಹೇಳುತ್ತಾಳೋ ಎಂದು ಕಾಯುವವರ ಹಾಗೆ ಇದ್ದರು.

"ಸೆಟ್ಟು ಚೆನ್ನಾಗಿದೆ ಸಾ. ಹೊತ್ತು ಮುಳುಗಿಲ್ಲ."

"ಮುಳುಗದಿದ್ರೆ?"

"ಜೈನರ ಬೀದಿಯಲ್ಲಿ ಊಟಕ್ಕೆ ಕೂತಿರ್ತಾರೆ ಸಾ. ಇದು ಮಾತಾಡಿದ್ರೆ ಎದ್ದುಬಿಡ್ತಾರೆ. ಇನ್ನೊಂದಿಪ್ಪತ್ತು ನಿಮಿಷ."

ಗುಂಡಯ್ಯನವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹಾಸನದಲ್ಲಿ ನನಗೋಸ್ಕರ ಕಾಯ್ತಿದಾರೆ ಕಣಯ್ಯ."

"ಗೊತ್ತು ಸಾ." ಷಡಕ್ಷರಿ ಸ್ವಿಚ್ಚಿನಿಂದ ತೆಗೆದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಮೈಕಿಲ್ಲದೆ ಬೇಕಾದರೆ ತಾವು ಈಗಲೇ ಶುರು ಮಾಡಬಹುದು."

"ಮೈಕಿಲ್ಲದೆ ಕಿರಚೋಕೆ ನಾನೇನು ಸಂತೇಲಿ ಹೋರಿ ಹರಾಜು ಹಾಕ್ತಿದೀನಾ?"

"ಅಲ್ಲೀಗಂಟ ಕಡ್ಲೆಕಾಯ್ ತಿನ್ನಿ ಬುದ್ಧಿ" ಎಂದು ಪಾರ್ಕಿನ ಬಾಗಿಲ ಕಡೆಯಿಂದ ಚಿಕ್ಕಲಕ್ಷ್ಮಮ್ಮ ಕೂಗಿದಳು. "ಅಸಿಬಿಸಿ ಉರ್ದಿದ್ದಲ್ಲ, ಚೆಂದಾಗವೆ."

ಯಾರೋ ನಕ್ಕರು. ಮುಂದಿನ ಸಾಲಿನಲ್ಲಿ ಅನಂತಮ್ಮ ಸೆರಗನ್ನು ಸರಿಮಾಡಿಕೊಂಡು, "ಕೂತ್ಕೊಳ್ಳಿ ಅಧ್ಯಕ್ಷರೇ. ನಮ್ಮನೆಯವರೂ ಹೀಗೇ ಕಾಯಿಸ್ತಿದ್ರು. ನಾನು ಮೂವತ್ತೈದು ವರ್ಷ ಕಾದಿದ್ದೀನಿ, ಏನೂ ಆಗಲಿಲ್ಲ" ಎಂದರು.

ಗುಂಡಯ್ಯನವರು ಹೋಗಿ ಆಕೆಯ ಪಕ್ಕದ ಬೆಂಚಿನಲ್ಲಿ ಕೂತರು. ಕಡಲೆಕಾಯಿ ಬಂತು. ಮೊದಮೊದಲು ಗಡಿಯಾರ ನೋಡಿಕೊಂಡರು. ಆಮೇಲೆ ಎಲ್ಲರ ಹಾಗೆ ಅವರೂ ಕೆರೆ ಏರಿಯ ಕಡೆ ತಿರುಗಿದರು. ಐವತ್ತು ಅರವತ್ತು ಜನ ಸಿಪ್ಪೆ ಬಿಡಿಸುತ್ತಾ ಸೂರ್ಯ ಇಳಿಯುವುದನ್ನು ನೋಡಿದರು. ನಡುನಡುವೆ ಅವರಿವರು ಅನಂತರಾಜಯ್ಯನವರ ಮಾತೆತ್ತಿದರು. ಕಳೆದುಹೋದ ಹೋರಿಯ ಚಹರೆ ಹೇಳುವಾಗ ಅದರ ಕೊಂಬು ಎತ್ತ ಬಾಗಿದೆ ಎಂದು ಕೈ ತಿರುಗಿಸಿ ತೋರಿಸುತ್ತಿದ್ದರಂತೆ, ಮೈಕಿನ ಮುಂದೆ. ಕಾಣಿಸುವುದು ಯಾರಿಗೆ? ಅದನ್ನು ಹೇಳಿ ಗುಂಡಯ್ಯನವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಆ ಹೋರಿ ಅವರ ಅಪ್ಪನದಾಗಿತ್ತು.

"ಮುಳುಗ್ತು ಕಣಪ್ಪ, ಆಕು" ಎಂದಳು ಚಿಕ್ಕಲಕ್ಷ್ಮಮ್ಮ.

ಷಡಕ್ಷರಿ ಕಿಟಕಿಯಲ್ಲಿ ತಾನೂ ನೋಡಿಕೊಂಡು ಸ್ವಿಚ್ಚು ಹಾಕಿದ. ವಾಲ್ವುಗಳು ಒಂದೊಂದಾಗಿ ಕೆಂಪಗಾದವು. ಕಂಬದ ಮೇಲೆ ಸಣ್ಣಗೆ ಗುಂಯ್ ಎಂಬ ಸದ್ದು ಎದ್ದಿತು. ಜೇಬಿನ ಹಾಳೆಗಳು ಜೇಬಿನಲ್ಲೇ ಉಳಿದವು.

"ಎಲ್ಲರಿಗೂ ನಮಸ್ಕಾರ. ಹೊತ್ತು ಮುಳುಗಿದೆ" ಎಂದು ಅವನು ಶುರುಮಾಡಿದ. "ನಾನು ರೇಡಿಯೋ ಮನೆಯ ಷಡಕ್ಷರಿ. ನನಗೆ ಈ ಕೆಲಸ ಕಲಿಸಿದವರು ಅನಂತರಾಜಯ್ಯ ಮೇಷ್ಟ್ರು. ಹದಿಮೂರು ವರ್ಷದ ಹಿಂದೆ ಅವರು ಊರಲ್ಲಿ ಇಲ್ಲದಾಗ ನಾನು ಎರಡು ದಿನ ರೇಡಿಯೋನ ಬೇಗ ಹಾಕಿಬಿಟ್ಟೆ. ಅದರಿಂದ ಒಬ್ಬ ಹಿರಿಯರು ಎರಡು ದಿನ ಉಪವಾಸ ಇರಬೇಕಾಯಿತು. ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಆ ಹಿರಿಯರು ಉಂಡು ಏಳುವ ತನಕ ಅವರ ಬಾಗಿಲಲ್ಲಿ ಕಾಯೋದಕ್ಕೆ ಕೂರಿಸಿದರು. ಅವತ್ತಿನಿಂದ ನಾನು ಕಾಯುತ್ತಾ ಇದ್ದೀನಿ. ಇವತ್ತು ಅಧ್ಯಕ್ಷರೂ ಕಾದರು, ನೀವೂ ಕಾದಿರಿ. ಮೇಷ್ಟ್ರ ಬಗ್ಗೆ ನನಗೆ ಹೇಳೋದಕ್ಕೆ ಇರೋದು ಇಷ್ಟೇ. ಇನ್ನು ಅವರ ಫೋಟೋ ಹಾಕೋಣ."

ಐದು ನಿಮಿಷ ಎಂದದ್ದು ಎರಡು ನಿಮಿಷವೂ ಆಗಿರಲಿಲ್ಲ. ಕಮ್ಮಿಯಾಯಿತೇನೋ ಎಂದು ಷಡಕ್ಷರಿಗೆ ದಿಗಿಲಾಯಿತು. ಫೋಟೋಕ್ಕೆ ಹಾರ ಬಿತ್ತು. ಗುಂಡಯ್ಯನವರೂ ಚುಟುಕಾಗಿ ಮಾತಾಡಿ, ಹೊರಡುವಾಗ ಅವನ ಭುಜ ತಟ್ಟಿ ಕಾರು ಹತ್ತಿದರು. ಆಮೇಲೆ ಷಡಕ್ಷರಿ ಅವತ್ತಿನ ಚೀಟಿ ಓದಿದ. ಹಿರೀಸಾವೆ ಕಡೆಯ ಎಮ್ಮೆಯೊಂದು ಸಂತೆಯಲ್ಲಿ ತಪ್ಪಿಸಿಕೊಂಡಿತ್ತು. ಬಲಗೊಂಬು ಕೆಳಕ್ಕೆ ಬಾಗಿದೆ ಎನ್ನುವಾಗ ಅವನ ಕೈ ತಾನಾಗಿ ತಿರುಗಿತು.

ಬೀಗ ಹಾಕಿಕೊಂಡು ಪಾರ್ಕಿನ ಬಾಗಿಲ ಹತ್ತಿರ ಬಂದಾಗ ಚಿಕ್ಕಲಕ್ಷ್ಮಮ್ಮ ಬುಟ್ಟಿ ಎತ್ತುತ್ತಿದ್ದಳು. ಷಡಕ್ಷರಿ ಬುಟ್ಟಿಗೆ ಕೈ ಕೊಟ್ಟು ಕೇಳಿದ. "ಮೈಕಲ್ಲಿ ಏನು ಹೇಳಿದೆ ಅಕ್ಕ ನಾನು?"

"ಅವ್ರು ಕಾಯೋರು ಅಂದೆ" ಎಂದಳು ಅವಳು. "ಊಂ ಕಣಪ್ಪ, ಕಾಯೋರು."

ಮೇಷ್ಟ್ರು ಅವಳಿಂದ ಒಂದು ಸಲ ಹೇಳಿಸುತ್ತಿದ್ದರು. ಷಡಕ್ಷರಿಗೆ ಒಂದು ಸಲಕ್ಕೆ ಎಂದೂ ಧೈರ್ಯ ಸಾಲುತ್ತಿರಲಿಲ್ಲ, ಎರಡು ಸಲ ಹೇಳಿಸುತ್ತಿದ್ದ. ಅಭ್ಯಾಸದಿಂದ ಅವಳು ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಅವನು ಎರಡನೇ ಸಲ ಕೇಳುತ್ತಾನೆಂದು ನಿಂತಳು. ಅವನು ಕೇಳಲಿಲ್ಲ.