ಕಬ್ಬಿಣ ಮೂಕಾಗುವ ಗಳಿಗೆ

ಗಾಳೆಪ್ಪನಿಗೆ ಕಿವಿ ಕೇಳುವುದಿಲ್ಲವೆಂಬುದು ಇಳಕಲ್ಲಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಗಾಳೆಪ್ಪ, ಇನ್ನೊಬ್ಬಳು ಅವನ ಹೆಂಡತಿ ಲಗಮವ್ವ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತೇ ಇಲ್ಲವೆಂಬಂತೆ ಎರಡು ವರ್ಷ ಸಂಸಾರ ಸಾಗಿತ್ತು.

ಹಾಲಿನವನು ಕೂಗಿದರೆ ಅವನು ಏಳುತ್ತಿರಲಿಲ್ಲ. ಕುಕ್ಕರು ಸೀಟಿ ಹೊಡೆದರೆ ತಲೆ ಎತ್ತುತ್ತಿರಲಿಲ್ಲ. ನಾಲ್ಕು ಜನ ನಕ್ಕರೆ ಒಂದು ಗಳಿಗೆ ತಡೆದು ನಗುತ್ತಿದ್ದ. ಲಗಮವ್ವ ಆಡಿ ತೋರಿಸಲಿಲ್ಲ. ಸೀರೆ ಹರಿದರೆ ಹರಿದ ಜಾಗ ನಿರಿಗೆಯ ಒಳಮಗ್ಗುಲಿಗೆ ಬರುವಂತೆ ಉಡುವುದನ್ನು ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಮಾತಾಡುವಾಗ ಎದುರಿಗೆ ಬಂದು ತುಟಿ ಕಾಣುವಂತೆ ನಿಲ್ಲುತ್ತಿದ್ದಳು. ಹಿಂದಿನಿಂದ ಯಾರಾದರೂ ಅವನನ್ನು ಕರೆದರೆ ತಾನೇ ಓಗೊಡುತ್ತಿದ್ದಳು.

ಹುನಗುಂದದ ಹಾದಿಗೆ ಹತ್ತಿದ ಮನೆ ಅದು. ಮುಂದೆ ತಗಡಿನ ಗ್ಯಾರೇಜು, ಹಿಂದೆ ಎರಡು ಖೋಲಿ, ನಡುವೆ ಒಂದು ಬಾಗಿಲು. ಮದುವೆಯಾಗಿ ಬಂದಾಗಿನಿಂದ ಇಪ್ಪತ್ತೆರಡು ವರ್ಷ ಲಗಮವ್ವ ಆ ಬಾಗಿಲ ಒಳಗಡೆ ಕುಳಿತು ರಾಟೆ ತಿರುಗಿಸಿದ್ದಳು. ನೇಕಾರರ ಲಾಳಿಗೆ ಬೇಕಾಗುವ ಕಂಡಿಕೆಗಳಿಗೆ ನೂಲು ಸುತ್ತುವುದು ಅವಳ ಕೆಲಸ. ಬಾಗಿಲಾಚೆ ಕಾಲಿಟ್ಟವಳಲ್ಲ. ಚಹಾದ ಕಪ್ಪು ಹೊಸ್ತಿಲ ಮೇಲಿಟ್ಟು ತಿರುಗಿಬಿಡುತ್ತಿದ್ದಳು. ಗ್ರೀಸು, ಬೀಡಿ, ಬೈಗುಳ ತುಂಬಿದ ಗಂಡಸರ ಜಾಗ. ಆದರೆ ಕಿವಿಗೆ ಎಲ್ಲಿಯ ಹೊಸ್ತಿಲು? ಗಾಳೆಪ್ಪ ಹಿಂದೆ ಕೆಲಸ ಕಲಿಯಲು ಬಂದವರಿಗೆ ಹೇಳುತ್ತಿದ್ದ ಮಾತು ಅವಳಿಗೆ ಬಾಯಿಪಾಠವಾಗಿತ್ತು.

"ಜಂಗ ಹಿಡದ ಬೋಲ್ಟ್ ಮಾತಾಡತೈತಿ. ಕಿರ್ ಅಂದ್ರ ಬರಾಕತ್ತೈತಿ. ಮೂಕಾತಂದ್ರ ಮುರಿಯಾಕತ್ತೈತಿ. ಮೂಕಾದ ಗಳಿಗಿಗೆ ಕೈ ನಿಂದರಬೇಕು, ತಿಳೀತೇನ್ಲೇ?"

ಆ ಮಾತು ಹೇಳಿದವನೇ ಈಗ ಮೂರು ತಿಂಗಳಲ್ಲಿ ಮೂರು ಬೋಲ್ಟು ಮುರಿದಿದ್ದ. ಮುರಿದ ತುಂಡು ಒಳಗೇ ಉಳಿಯುತ್ತದೆ. ಗ್ಯಾಸಿನಿಂದ ಸುಟ್ಟು ತೆಗೆಯಬೇಕು, ಗಾಡಿಯ ಮೈಗೆ ಗಾಯವಾಗುತ್ತದೆ. ಎರಡು ಗಾಡಿ ಬಂದಲ್ಲಿ ಒಂದು ಬರತೊಡಗಿತ್ತು, ಆಮೇಲೆ ಅದೂ ಇಲ್ಲ.

ಎರಡು ಸಾವಿರದ ನಾಲ್ಕನೆಯ ಇಸವಿಯ ಆ ಬೆಳಿಗ್ಗೆ ದುಂಡೇಶ ತನ್ನ ಹಳೆಯ ಬಿಳಿ ಕಾರು ತಂದ. ಬಾಡಿಗೆಗೆ ಓಡಿಸುವವನು, ಗಾಳೆಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಏಳನೆಯ ಇಯತ್ತೆ ಓದಿದವನು.

"ತಗ್ಗಿಗೆ ಬಿದ್ರ ಟಕ್, ಎದ್ರ ಟಕ್. ನಾ ಬಾದಾಮಿ ಕಡೆ ಹೊಂಟ್ರ ಇದು ಹೊಲದ ಕಡೆ ಹೊಂಟಿರತೈತಿ," ಎಂದ. "ನಾಳೆ ಮುಂಜಾನೆ ಪಟ್ಟದಕಲ್ಲಿಗೆ ಮಂದಿ ಕರಕೊಂಡು ಹೋಗೂದೈತಿ. ಬಿಚ್ಚತೀಯೋ ಮುರೀತೀಯೋ ಈಗ ಹೇಳಲೇ, ಗಾಳ್ಯಾ. ನಿನ್ನ ಕೈಯಾಗ ಭೀಮ ಹೊಕ್ಕಾನಂತ ಪ್ಯಾಟಿ ತುಂಬ ಸುದ್ದಿ."

ಗಾಳೆಪ್ಪ ಅವನ ಬಾಯಿ ನೋಡಿ, ತಡೆದು, ನಕ್ಕ.

ಮುಂಗಾಲಿಯನ್ನು ಹಿಡಿದ ಕಬ್ಬಿಣದ ತೋಳು ಗಾಡಿಯ ಮೈಗೆ ಸೇರುವಲ್ಲಿ ಒಂದು ರಬ್ಬರಿನ ಬುಶ್ ಇರುತ್ತದೆ, ಮೊಣಕಾಲಿನ ಕೀಲಿನೊಳಗಿನ ಮೆತ್ತೆಯ ಹಾಗೆ. ದುಂಡೇಶನ ಕಾರಿನ ಎಡಗಡೆಯ ಬುಶ್ ಸವೆದು ಚೂರಾಗಿತ್ತು. ಬದಲಿಸಬೇಕೆಂದರೆ ಅದರ ನಡುವೆ ಹಾಯ್ದ ಬೋಲ್ಟು ಹೊರಗೆ ಬರಬೇಕು. ಆ ಬೋಲ್ಟು ಹತ್ತು ಮಳೆಗಾಲದ ಜಂಗು ಕುಡಿದು ಕೂತುಬಿಟ್ಟಿತ್ತು.

ಪಾನಾದಿಂದ ನಟ್ಟು ತಿರುವಿ ಗಾಲಿ ಬಿಚ್ಚಿ, ಬೋಲ್ಟಿಗೆ ಚಿಮಣಿ ಎಣ್ಣೆ ಸುರಿದು, ಗಾಳೆಪ್ಪ ರೊಟ್ಟಿ ಉಣ್ಣಲು ಒಳಗೆ ಬಂದ. ತಾಟಿನ ಕಡೆಗೇ ನೋಡುತ್ತ ಹೇಳಿದ:

"ಇದೊಂದು ಮುರೀತಂದ್ರ ಪಾನಾ ತೊಳದು ಇಟ್ಟಬಿಡ್ತೇನಿ. ಗ್ರಾನೈಟ್ ಫ್ಯಾಕ್ಟರಿ ಗೇಟಿಗೆ ವಾಚಮನ್ ಬೇಕಂತ. ಅಲ್ಲಿ ಬರೇ ನೋಡೂದು."

ಲಗಮವ್ವನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ಮಗ್ಗ ಮಾರಿದ ಮೇಲೆ ಅವಳ ಅಪ್ಪ ಹನ್ನೊಂದು ವರ್ಷ ಬದುಕಿದ್ದ. ಉಂಡ, ತಿರುಗಾಡಿದ, ಜನರ ಜೊತೆ ಮಾತಾಡಿದ. ಆದರೆ ನಿದ್ದೆಯಲ್ಲಿ ಅವನ ಕೈಗಳು ಲಾಳಿ ಎಸೆಯುತ್ತಲೇ ಇದ್ದವು. ಈ ಮನುಷ್ಯನ ಕೈಯಿಂದ ಪಾನಾ ಕಸಿದುಕೊಂಡರೆ ಉಳಿಯುವವನು ಯಾರು? ಹೇಳಬೇಕೆನ್ನಿಸಿತು. ಹೇಳಿದರೆ "ನಿಮಗ ಕೇಳಸಂಗಿಲ್ಲ" ಎಂದಹಾಗಾಗುತ್ತದೆ. ಎರಡು ವರ್ಷ ನಿರಿಗೆಯಲ್ಲಿ ಮುಚ್ಚಿಟ್ಟದ್ದನ್ನು ಗೆಳೆಯನ ಎದುರಿಗೇ ಬಿಚ್ಚಿದಹಾಗಾಗುತ್ತದೆ.

ಅವಳು ಎರಡು ಕಪ್ಪು ಚಹಾ ಮಾಡಿದಳು. ಹೊಸ್ತಿಲ ಮೇಲೆ ಇಡಲಿಲ್ಲ, ದಾಟಿದಳು.

ದುಂಡೇಶ ಹುಬ್ಬೇರಿಸಿದ. "ಏನ್ರೀ ವೈನಿ, ಇವತ್ತು ಸೂರ್ಯ ಯಾವ ಕಡೆ ಹುಟ್ಟ್ಯಾನ?"

"ಚಾ ಆರತೈತಿ," ಎಂದು ಕಪ್ಪು ಕೊಟ್ಟು, ಅವಳು ಗಂಡನ ಬೆನ್ನ ಹಿಂದೆ ನಿಂತಳು.

ಗಾಳೆಪ್ಪ ಗ್ಯಾಸಿನ ಉರಿಯನ್ನು ಬೋಲ್ಟಿನ ತಲೆಗೆ ಹಿಡಿದಿದ್ದ. ಹಳೆಯ ರಬ್ಬರು ಕಮಟು ಹೊಗೆ ಬಿಟ್ಟಿತು. ಉರಿ ತೆಗೆದು, ಮೇಣದ ಬತ್ತಿಯೊಂದನ್ನು ಕಾದ ಕಬ್ಬಿಣಕ್ಕೆ ಮುಟ್ಟಿಸಿದ. ಮೇಣ ಕರಗಿತು, ಕರಗಿದ್ದು ಕೆಳಗೆ ತೊಟ್ಟಿಕ್ಕಲಿಲ್ಲ. ಕೂದಲೆಳೆಯೂ ಹೋಗದ ಸಂದಿಯೊಳಕ್ಕೆ ಅದು ತಾನಾಗಿ ಹರಿದು ಹೋಯಿತು. ಕಬ್ಬಿಣ ಕುಡಿಯುತ್ತದೆ! ಗೋಡೆಯಾಚೆ ಇಪ್ಪತ್ತೆರಡು ವರ್ಷ ಕೂತವಳಿಗೆ ಇದೊಂದು ಗೊತ್ತಿರಲಿಲ್ಲ, ಇದಕ್ಕೆ ಸದ್ದಿಲ್ಲ. ಲಗಮವ್ವ ಬಗ್ಗಿ ನೋಡಿದಳು.

ಗಾಳೆಪ್ಪ ಪಾನಾ ಹಾಕಿ, ಅದರ ಹಿಡಿಕೆಗೆ ಉದ್ದನೆಯ ಪೈಪು ತೂರಿಸಿ ಎಳೆದ. ಬೋಲ್ಟು ತಿರುಗಿದಹಾಗೆ ಮಾಡಿತು; ಬಿಟ್ಟರೆ ರಬ್ಬರಿನ ಜೊತೆ ಮರಳಿ ತನ್ನ ಜಾಗಕ್ಕೇ ಬಂದು ಕೂತಿತು. ಮತ್ತೆ ಎಳೆದ. ಪಕ್ಕದ ಮನೆಯ ಪವರ್‌ಲೂಮಿನ ಸದ್ದಿನ ಕೆಳಗೆ ಲಗಮವ್ವನಿಗೆ ಕೇಳಿಸಿತು: ಕಿರ್... ಸಣ್ಣಗೆ, ಹಲ್ಲಿನ ಬುಡದಲ್ಲಿ ಮರಳು ಸಿಕ್ಕಹಾಗೆ. ಬರುತ್ತಿದೆ. ಕಿರ್... ಬರುತ್ತಿದೆ. ಆಮೇಲೆ ಆ ದನಿ ದಪ್ಪವಾಯಿತು, ಮೆತ್ತಗಾಯಿತು, ಇಲ್ಲವೇ ಆಯಿತು. ಕಬ್ಬಿಣ ಮಾತು ನುಂಗಿ ಒಳಗೊಳಗೇ ತಿರುಚಿಕೊಳ್ಳತೊಡಗಿತ್ತು.

ಅವಳ ಅಂಗೈ ಗಂಡನ ಬೆನ್ನನ್ನು ಒತ್ತಿತು.

ಅವನ ಕೈ ಥಟ್ಟನೆ ನಿಂತಿತು. ಯಾರೆಂದು ತಿರುಗಿ ನೋಡಲಿಲ್ಲ, ಏಕೆಂದು ಕೇಳಲಿಲ್ಲ. ಬೋಲ್ಟನ್ನು ಕಾಲು ಸುತ್ತು ಹಿಂದಕ್ಕೆ ಬಿಟ್ಟ, ಎಣ್ಣೆ ಹಾಕಿದ, ಮತ್ತೆ ಎಳೆದ. ಕಿರ್. ಕಿರ್. ಮೂಕು. ಅಂಗೈ ಒತ್ತಿತು, ಕೈ ನಿಂತಿತು. ಹಿಂದಕ್ಕೆ, ಮುಂದಕ್ಕೆ. ಎಷ್ಟು ಸಲವೋ. ಬೆನ್ನಿನ ಬೆವರಿನಿಂದ ಅವಳ ಅಂಗೈ ತೊಯ್ದಿತು. ಕೊನೆಗೊಮ್ಮೆ ಉದ್ದನೆಯ ಕಿರುಚು ಕೇಳಿತು, ತಿಂಗಳುಗಟ್ಟಲೆ ಮುಚ್ಚಿದ್ದ ಬಾಗಿಲು ತೆರೆದಹಾಗೆ. ಬೋಲ್ಟು ತಿರುಗಿತು, ಮತ್ತೆ ತಿರುಗಿತು. ಹಿಂದಿನಿಂದ ಸುತ್ತಿಗೆಯ ನಾಲ್ಕು ಏಟು ಬಿದ್ದಾಗ ಇಡಿಯಾಗಿ ಗಾಳೆಪ್ಪನ ಕೈಗೆ ಬಂತು. ಕೆಂಪಾಗಿ, ತೊಗಟೆ ಬಿಟ್ಟ ಕೊಂಬೆಯಂತೆ ಇತ್ತು, ಎಲ್ಲೂ ಬಿರುಕಿರಲಿಲ್ಲ.

"ಅಬಬಬಾ!" ಎಂದ ದುಂಡೇಶ. "ವೈನಿ ಕೈ ಇಟ್ರ ಕಬ್ಬಿಣನೂ ಮಾತು ಕೇಳತೈತಲ್ಲಲೇ! ಏನ ಮಂತ್ರರೀ ವೈನಿ ಇದು? ನನ್ನ ಹೆಂಡತೀಗೂ ಒಂದೀಟು ಕಲಸ್ರಿ, ನಾ ಮಾತು ಕೇಳಂಗಿಲ್ಲಂತ ಭಾಳ ಬೈತಾಳ."

ಗಾಳೆಪ್ಪ ಕೈ ಒರೆಸಿಕೊಂಡು ಎದ್ದು, ಗೆಳೆಯನ ಮುಖವನ್ನೇ ನೋಡಿದ.

"ಮಂತ್ರ ಇಲ್ಲ. ನನಗ ಕಿವಿ ಕೇಳಸಂಗಿಲ್ಲಲೇ, ದುಂಡ್ಯಾ. ಎರಡು ವರ್ಷಾತು."

ದುಂಡೇಶ ಹತ್ತಿರ ಸರಿದ.

"ಮತ್ತ ಎರಡು ವರ್ಷ ಬೋಲ್ಟ್ ಹ್ಯಾಂಗ ಬಿಚ್ಚಿದಿ?"

"ಈಕಿ ಕೈ ನೋಡಿ." ಗಾಳೆಪ್ಪ ಬಾಗಿಲ ಕಡೆ ತೋರಿಸಿದ. "ಅಲ್ಲಿ ಕುಂತು ರಾಟಿ ತಿರಗಸತಿದ್ಲು. ಗಟ್ಟಿ ಬೋಲ್ಟ್ ಇದ್ರ ಗಾಡಿ ಆ ಬಾಗಲಕ್ಕ ಮಾರಿ ಮಾಡಿ ನಿಲ್ಲಸತಿದ್ನಿ. ಬೋಲ್ಟ್ ಮೂಕಾತಂದ್ರ ಈಕಿ ಕೈ ನಿಂದರತಿತ್ತು. ಈಕಿ ಕೈ ನಿಂತ್ರ ನನ್ನ ಕೈ ನಿಂದರತಿತ್ತು. ಮೂರು ತಿಂಗಳ ಹಿಂದ ರೇಶ್ಮಿಗೆ ನಮ್ಮ ಧೂಳ ಹತ್ತತೈತಿ ಅಂತ ರಾಟಿ ಹಿತ್ತಲಕ್ಕ ಒಯ್ದ್ಲು. ನಾ ಕುರುಡಾದ್ನಿ."

ಲಗಮವ್ವ ತನ್ನ ಬಲಗೈ ನೋಡಿಕೊಂಡಳು. ಎಣ್ಣೆ, ಬೆವರು, ಹಳೆಯ ನೂಲಿನ ಗೆರೆಗಳು. ಈ ಕೈ ನಿಲ್ಲುತ್ತಿತ್ತೆ? ಅವಳಿಗೇ ತಿಳಿದಿರಲಿಲ್ಲ. ತನ್ನೊಳಗೇ ಇದ್ದೊಂದು ಜೀವ, ತನ್ನನ್ನು ಕೇಳದೆ, ಗೋಡೆಯಾಚೆಯ ಕಬ್ಬಿಣದ ಸಂಕಟಕ್ಕೆ ಕಿವಿಗೊಟ್ಟು ರಾಟೆ ನಿಲ್ಲಿಸುತ್ತಿತ್ತೆ? ಮದುವೆಯಾದ ಹೊಸದರಲ್ಲಿ ಅವನು ಅವಳ ಕೈ ನೋಡಿದ್ದ, ಬಳೆ ತೊಡಿಸುವಾಗ. ಆಮೇಲೆ ಯಾರೂ ನೋಡಿಲ್ಲವೆಂದು ಅವಳು ಎಂದೋ ಲೆಕ್ಕ ಬಿಟ್ಟಿದ್ದಳು. ಎರಡು ವರ್ಷ, ದಿನಾ, ಮೋಡ ನೋಡುವ ಒಕ್ಕಲಿಗನ ಹಾಗೆ ಒಬ್ಬ ಮನುಷ್ಯ ಈ ಕೈ ನೋಡುತ್ತ ಕೂತಿದ್ದ! ಆ ಬೆರಗಿನ ಹಿಂದೆಯೇ ಸಿಟ್ಟೂ ಬಂತು.

ಅವನ ಎದುರಿಗೆ ಬಂದು ನಿಂತಳು. "ನನಗೊಂದು ಮಾತು ಹೇಳಬಾರದಿತ್ತೇನ್ರಿ?"

"ಹೇಳಿದ್ರ ನೀ ಬೇಕಂತ ಕೇಳಾಕ ಕುಂದ್ರತಿದ್ದಿ," ಎಂದ ಅವನು. "ಬೇಕಂತ ಕೇಳಿದ್ರ ಕೈ ಹಂಗ ನಿಂದರತಿತ್ತೋ ಇಲ್ಲೋ. ಅಂಜಿಕಿ ಬಂತು."

"ಇವತ್ತು ಬೇಕಂತನ ಕೇಳೇನಿ."

"ಹೌದು," ಎಂದ. "ಕೇಳಿದಿ."

ದುಂಡೇಶ ಆರಿದ ಚಹಾ ಒಂದೇ ಗುಟುಕಿಗೆ ಕುಡಿದ.

ಹೊಸ ಬುಶ್ ಕೂತಿತು, ಹೊಸ ಬೋಲ್ಟು ತೂರಿತು, ಗಾಲಿ ಏರಿತು. ಆದರೆ ಗಾಳೆಪ್ಪ ಬೋಲ್ಟನ್ನು ಬಿಗಿಯಲಿಲ್ಲ. ಜಾಕು ಇಳಿಸಿ, ಗಾಡಿಯ ಅಡಿಯಿಂದ ಕೆಲಸ ಮಾಡಲು ನೆಲದಲ್ಲಿ ತೋಡಿದ್ದ ಕುಣಿಯ ಮೇಲಕ್ಕೆ ಕಾರನ್ನು ತಳ್ಳಿಸಿದ. ಮಗ್ಗದ ಕುಣಿಯಷ್ಟೇ ಅಗಲ, ಆಳ ಮಾತ್ರ ಆಳೆತ್ತರ.

"ಎತ್ತಿ ಹಿಡದಾಗ ಬಿಗದ್ರ ರಬ್ಬರ್ ತಿರಚಿಕೊಂಡು ಸಾಯತೈತಿ," ಎಂದು ಹೆಂಡತಿಗೆ ಹೇಳಿದ. "ಭಾರ ಹೊತ್ತು ನಿಂತಾಗ ಬಿಗೀಬೇಕು, ಹೆಚ್ಚು ಬಿಗದ್ರ ಹೊಸ ಬೋಲ್ಟೂ ಮುರೀತೈತಿ. ಇಬ್ಬರೂ ಒಳಗ ಕುಂದರ್ರಿ."

ಲಗಮವ್ವ ಮುಂದಿನ ಸೀಟಿನಲ್ಲಿ ಕುಳಿತಳು. ಈ ಗ್ಯಾರೇಜಿಗೆ ಬಂದ ಸಾವಿರ ಗಾಡಿಗಳಲ್ಲಿ ಅವಳು ಕುಳಿತ ಮೊದಲನೆಯದು. ಸೀಟು ಅವಳ ಭಾರಕ್ಕೆ ಒಂದಿಷ್ಟು ತಗ್ಗಿತು. ಕೆಳಗೆಲ್ಲೋ ಹೊಸ ರಬ್ಬರು ಆ ಭಾರವನ್ನು ಒಪ್ಪಿಕೊಂಡಿತು. ಗಾಳೆಪ್ಪ ಕುಣಿಗೆ ಇಳಿದ. ಕಾಣುತ್ತಿರಲಿಲ್ಲ. ಪಾನಾ ಬೋಲ್ಟಿನ ತಲೆ ಹಿಡಿದ ಸಣ್ಣ ಸದ್ದು ಕೇಳಿಸಿತು, ಅಂಗಾಲಿಗೂ ತಾಗಿತು.

"ವೈನಿ, ಅಂವಗ ಈಗ ಸಾಕಂತ ಹ್ಯಾಂಗ ಹೇಳತೀರಿ?" ದುಂಡೇಶ ಪಿಸುಗುಟ್ಟಿದ. "ನೀವು ಮ್ಯಾಲ, ಅಂವ ಕೆಳಗ."

"ಸುಮ್ಕಿರ್ರಿ," ಎಂದಳು ಲಗಮವ್ವ.

ಬೋಲ್ಟು ಬಿಗಿಯುತ್ತ ಹೋಯಿತು. ಕಿರ್. ಕಿರ್. ದನಿ ಸಣ್ಣದಾಯಿತು, ಗಟ್ಟಿಯಾಯಿತು, ಮಗ್ಗಕ್ಕೆ ಬಿಗಿದ ಹಾಸಿನ ಎಳೆಯಂತೆ ಝೇಂಕರಿಸಿತು. ಅವಳು ಕಣ್ಣು ಮುಚ್ಚಿಕೊಂಡಳು. ಇನ್ನೊಂದು ಎಳೆತ. ಇನ್ನರ್ಧ. ಈಗ.

ಹಿಮ್ಮಡಿಯಿಂದ ಕಾರಿನ ತಳವನ್ನು ಒಮ್ಮೆ ಗುದ್ದಿದಳು. ಕೆಳಗೆ ಪಾನಾ ನಿಂತಿತು.